ಹೊರದೇಶದಿಂದ ಹಳೆಯ ಕ್ಯಾರವಾನ್ ತರಿಸುವಾಗ

ಹಳೆಯ ಕ್ಯಾರವಾನಿನ (ಕಾರಿಗೆ ಕಟ್ಟಿ ಎಳೆಯುವ, ಮನೆಯಂಥ ಗಾಡಿಯ) ಫೋಟೊಗಳಲ್ಲಿ ಹೊಳಪಷ್ಟೇ ಕಾಣುವುದರಿಂದ, ಹಣ ಕಳುಹಿಸುವ ಮೊದಲು ಅಲ್ಲಿಯವರೇ ಆದ ತಜ್ಞರೊಬ್ಬರಿಂದ ಅದನ್ನು ಪರೀಕ್ಷೆ ಮಾಡಿಸಬೇಕು. ಕಿಟಕಿಯ ಕೆಳಮೂಲೆಯ ಪ್ಲೈವುಡ್ಡನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಮೆತ್ತಗೆ ಒಳಗೆ ಸರಿದರೆ, ಹೊರಗಿನ ಅಲ್ಯೂಮಿನಿಯಂ ತಗಡು ಎಷ್ಟೇ ಚೆನ್ನಾಗಿದ್ದರೂ ಒಳಗಿನ ಮರದ ಚೌಕಟ್ಟು ನೀರು ಕುಡಿದು ಕೊಳೆತಿರುವ ಸಾಧ್ಯತೆಯೇ ಹೆಚ್ಚು. ಚಾಸಿಯ (ಗಾಡಿಯ ತಳದ ಚೌಕಟ್ಟಿನ) ಮೇಲಿನ ಸಂಖ್ಯೆ ಮಾಲೀಕತ್ವದ ದಾಖಲೆಗೆ ತಾಳೆಯಾಗದಿದ್ದರೆ ವ್ಯವಹಾರವನ್ನು ಅಲ್ಲಿಗೇ ಕೈಬಿಡುವುದು ಲೇಸು. ಆಮದು ನಿಯಮ, ಸುಂಕಗಳನ್ನು ಖರೀದಿಗೆ ಮೊದಲೇ ಕಸ್ಟಮ್ಸ್ ಏಜೆಂಟರಲ್ಲಿ ವಿಚಾರಿಸಿಕೊಳ್ಳಿ. ಹಡಗಿನಲ್ಲಿ ಸರಕು ಸಾಗಿಸುವ ಸಾಮಾನ್ಯ ಕಂಟೇನರಿನ ಬಾಗಿಲು ಸುಮಾರು 2.34 ಮೀಟರ್ ಅಗಲವಷ್ಟೇ. ಅದಕ್ಕಿಂತ ಅಗಲವಾದ ಗಾಡಿಯನ್ನು ಎಳೆದು ಹತ್ತಿಸುವ ರೋ-ರೋ ಹಡಗಿನಲ್ಲಿ ಕಳುಹಿಸಬಹುದು, ಆದರೆ ಟೈರು, ಬೇರಿಂಗುಗಳು ಗಟ್ಟಿಯಾಗಿರಬೇಕು. ಅಮೆರಿಕದ ಗಾಡಿಯ 120 ವೋಲ್ಟಿನ ಉಪಕರಣಗಳನ್ನು 230 ವೋಲ್ಟಿನ ದೇಶದಲ್ಲಿ ನೇರವಾಗಿ ಜೋಡಿಸುವಂತಿಲ್ಲ.