ಒಂದೇ ಪ್ರೊಸೆಸರ್, ಆದರೂ ಎಫ್‌ಪಿಎಸ್ ಕಮ್ಮಿ: ಸರಿಹೋದದ್ದು ರ್ಯಾಮ್‌ನಿಂದ

ಮಂಗಳೂರಿನ ನನ್ನ ಪಿಸಿ, ಉಡುಪಿಯ ಭಾವನ ಪಿಸಿ ಎರಡರಲ್ಲೂ ರೈಜನ್ 5 5600ಜಿ ಪ್ರೊಸೆಸರ್, 16 ಜಿಬಿ ರ್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವ್ಯಾಲೊರಂಟ್ ಗೇಮ್‌ನಲ್ಲಿ ಒಂದೇ ಸೆಟ್ಟಿಂಗ್ ಇಟ್ಟರೂ ಅವರದು ಸಲೀಸು. ನನ್ನದು ನಾಲ್ಕು ಜನ ಎದುರಾದರೆ ಸಾಕು, ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬಿದ್ದು ತಡವರಿಸುತ್ತಿತ್ತು. ಪಿಂಗ್, ಅಂದರೆ ನೆಟ್‌ನ ವಿಳಂಬ, ಎರಡೂ ಕಡೆ ಸರಿಯಾಗಿಯೇ ಇತ್ತು.

ಡ್ರೈವರ್ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಪ್ರಯೋಜನ ಇಲ್ಲ. ನಮ್ಮ ಸೆಖೆಗೆ ಬಿಸಿಯಾಗ್ತಿದೆಯೇನೋ ಅಂತ ನೋಡಿದರೆ ಅದೂ ಅಲ್ಲ.

ಕೊನೆಗೆ ಎರಡೂ ಪಿಸಿಯಲ್ಲಿ ಸಿಪಿಯು-ಝಡ್ ಅನ್ನುವ, ಪಿಸಿ ಭಾಗಗಳ ವಿವರ ತೋರಿಸುವ ಸಾಫ್ಟ್‌ವೇರ್ ತೆರೆದು ಮೆಮೊರಿ ಪುಟ ಹೋಲಿಸಿದೆ. ಅವರದು ಡ್ಯುಯಲ್ ಚಾನೆಲ್ (ರ್ಯಾಮ್‌ಗೆ ಒಟ್ಟಿಗೆ ಎರಡು ದಾರಿ), 1600 ಮೆಗಾಹರ್ಟ್ಸ್. ನನ್ನದು ಸಿಂಗಲ್, 1200. ಅಲ್ಲಿ ಕಾಣುವುದು ಅರ್ಧ ಲೆಕ್ಕ. ಅಂದರೆ 3200 ಮತ್ತು 2400. ಈ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್ಯಾಮನ್ನೇ ಬಳಸುತ್ತದೆ. ಹಾಗಾಗಿ ಪೆಟ್ಟು ಜಾಸ್ತಿ.

ಅಂಗಡಿಯಲ್ಲಿ ಎರಡೂ 8 ಜಿಬಿ ಸ್ಟಿಕ್ ಅಕ್ಕಪಕ್ಕ ಹಾಕಿ ಕೊಟ್ಟಿದ್ದರು, ಅದಕ್ಕೇ ಸಿಂಗಲ್. ಪವರ್ ವಯರ್ ಕಿತ್ತು, ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್‌ಗೆ ಹಾಕಿದೆ. ಟಕ್ ಅನ್ನುವವರೆಗೆ ಒತ್ತಬೇಕು. ಒಮ್ಮೆ ಆನ್ ಮಾಡಿ ಡ್ಯುಯಲ್ ಬಂತಾ ನೋಡಿ, ಆಮೇಲೆಯೇ ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ, ರ್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಪ್ರೊಫೈಲ್ 1 ಆರಿಸಿ ಸೇವ್ ಮಾಡಿದೆ. ಕೆಲವು ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಅಂತ ಹೆಸರು. ನಂತರ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು, ಆಫ್ ಮಾಡಬೇಡಿ. ಈಗ ಎರಡೂ ಪಿಸಿ ಸಮಸಮ.