ತಾತನ ತಾತನ ಹೆಸರು ಬೇಕಾ, ಮೊದ್ಲು ಸರ್ವೆ ನಂಬರ್ ಹಿಡೀರಿ

ನಮ್ ಕೋಲಾರ ಕಡೆ ವಂಶದ ಮೂಲ ಹುಡುಕೋರು ಹೆಸರು ಹಿಡ್ಕೊಂಡು ಹೋಗ್ಬೇಡಿ, ಊರಿಗೆ ಹತ್ತು ಜನ ಮುನಿಯಪ್ಪ ಸಿಗ್ತಾರೆ. ಜಮೀನಿನ ಸರ್ವೆ ನಂಬರ್ ಹಿಡೀರಿ, ಜಮೀನು ಮಾರಿಹೋಗಿದ್ರೂ ಪರ್ವಾಗಿಲ್ಲ. ಈಗಿನ ಪಹಣಿ ಮೊಬೈಲಲ್ಲೇ ಸಿಗುತ್ತೆ, ಆದ್ರೆ ಹಳೇ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರ್ (ಖಾತೆ ಬದಲಾವಣೆ ಬರೆದಿಡೋ ಪುಸ್ತಕ), ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರ್ ಪ್ರಕಾರ ಜಮೀನುಗಳ ಪಟ್ಟಿ) ಇವಕ್ಕೆ ತಾಲೂಕು ಆಫೀಸ್ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ನಕಲು ತಗೋಬಹುದು. ಅದ್ರಲ್ಲಿ ಬಿನ್ ಅಂತಿದ್ರೆ ಮುಂದಿರೋದು ಅಪ್ಪನ ಹೆಸರು, ಕೋಂ ಅಂತಿದ್ರೆ ಗಂಡಂದು, ಪೌತಿ ಖಾತೆ ಆಗಿದ್ರಂತೂ ಯಾರು ತೀರ್ಕೊಂಡು ಯಾರಿಗೆ ಬಂತು ಅಂತ ಒಂದೇ ಸಾಲಲ್ಲಿ ಎರಡು ತಲೆಮಾರು ಸಿಕ್ಬಿಡುತ್ತೆ, ನನ್ನ ಕೇಳಿದ್ರೆ ಬೇರೆಲ್ಲಾ ಬಿಟ್ಟು ಇದನ್ನೇ ಮೊದ್ಲು ನೋಡಿ.

ಚಿಕ್ಕಬಳ್ಳಾಪುರದೋರು ನೆನಪಿಡಿ, ನಿಮ್ ಜಿಲ್ಲೆ ಆಗಿದ್ದೇ 2007ರಲ್ಲಿ, ಹಳೇ ಕಾಗದದಲ್ಲಿ ಕೋಲಾರ ಜಿಲ್ಲೆ ಅಂತಲೇ ಇರುತ್ತೆ. ಇನ್ನೂ ಹಿಂದಕ್ಕೆ ಹೋಗೋದಾದ್ರೆ 1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು, ಆ ಕಾಲದ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಶಾನುಭೋಗ, ಪಟೇಲ, ತೋಟಿ ಹೀಗೆ ಊರ ಚಾಕರಿ ಮಾಡ್ತಿದ್ದ ಮನೆತನ ಆಗಿದ್ರೆ ಆ ಚಾಕರಿಗೆ ಕೊಟ್ಟ ಇನಾಂ ಜಮೀನಿನ ದಾಖಲೆನೂ ಕೇಳಿ.

ಮನೆ ಅಜ್ಜಿ ಹೇಳೋದನ್ನ ಮಾತ್ರ ಇವತ್ತೇ ರೆಕಾರ್ಡ್ ಮಾಡ್ಕೊಳಿ, ರೆಕಾರ್ಡ್ ರೂಂ ನಾಳೆನೂ ಇರುತ್ತೆ.