ಮಟನ್ ಬಿಟ್ಟ ಮೇಲೆ ಪನೀರ್ ಬೇಡವೆಂದದ್ದು

ಮಾಂಸ ಬಿಡುವುದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಅದರ ಜಾಗದಲ್ಲಿ ಏನು ತಿನ್ನಬೇಕು ಎಂಬುದೇ ತಲೆನೋವಾಯಿತು. ಬೆಂಗಳೂರಿನಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಪನೀರ್. ಹೋಟೆಲಿರಲಿ, ಮದುವೆ ಊಟವಿರಲಿ, ಕೋಳಿ ಇರಬೇಕಾದ ಜಾಗದಲ್ಲೆಲ್ಲ ಅದೇ ಬಂದು ಕೂತಿರುತ್ತದೆ.

ನಮ್ಮದು ಕನಕಪುರ ಕಡೆಯ ಮನೆತನ. ಬನ್ನೂರು ಕುರಿಯ ರುಚಿ ಬಲ್ಲವರು, ಯುಗಾದಿಗಿಂತ ಮರುದಿನದ ಮಾಂಸದೂಟಕ್ಕೆ, ಹೊಸತೊಡಕಿಗೆ, ಹೆಚ್ಚು ಕಾಯುವವರು. ನಾನು ಮಾಂಸ ಬಿಟ್ಟದ್ದು ಹರಕೆಗಲ್ಲ, ಮಡಿಗಂತೂ ಅಲ್ಲವೇ ಅಲ್ಲ. ಮನುಷ್ಯರಿಂದಾಗುವ, ಭೂಮಿಯ ಬಿಸಿ ಏರಿಸುವ ಹಸಿರುಮನೆ ಅನಿಲಗಳಲ್ಲಿ ಶೇ 14.5ರಷ್ಟು ಜಾನುವಾರು ಸಾಕಣೆಯದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜು ಮಾಡಿತ್ತು. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಆದರೆ ಲೆಕ್ಕ ಹಿಡಿದು ಹೊರಟವನು ಅದನ್ನು ಪೂರ್ತಿ ನೋಡಬೇಕು. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,700 ಹೊಲ-ತೋಟಗಳ ಮಾಹಿತಿ ಒಟ್ಟುಗೂಡಿಸಿ ಪ್ರಕಟಿಸಿದ ಅಧ್ಯಯನ ನನ್ನ ಕಣ್ಣು ತೆರೆಸಿತು. ಅದರ ಪ್ರಕಾರ 100 ಗ್ರಾಂ ಪ್ರೋಟೀನಿಗೆ ಕುರಿ ಮಾಂಸ ಸರಾಸರಿ ಸುಮಾರು 20 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಉಗುಳುತ್ತದೆ. ಚೀಸ್ ಸುಮಾರು 11, ಕೋಳಿ 6ಕ್ಕಿಂತ ಕಡಿಮೆ, ಬೇಳೆಕಾಳು 1ಕ್ಕಿಂತಲೂ ಕಡಿಮೆ. ಇವು ಜಗತ್ತಿನ ಸರಾಸರಿಗಳು. ಕೊಯ್ಲಾದ ಹೊಲದಲ್ಲಿ ಮೇಯ್ದು ಅಲ್ಲೇ ಗೊಬ್ಬರ ಹಾಕುವ ನಮ್ಮ ಕಡೆಯ ಕುರಿಮಂದೆಯ ಲೆಕ್ಕ ಬೇರೆಯೇ ಇದ್ದೀತು. ಚೀಸ್ ಎಂದರೆ ಪನೀರ್ ಅಲ್ಲ ಎಂದೂ ವಾದಿಸಬಹುದು. ಆದರೆ ಒಂದು ಕೆ.ಜಿ. ಪನೀರಿಗೂ ಐದಾರು ಲೀಟರ್ ಹಾಲು ಒಡೆಯಲೇಬೇಕು, ಆ ಹಾಲು ಕೊಡುವ ಹಸು ಮೆಲುಕು ಹಾಕುವಾಗಲೆಲ್ಲ ಮೀಥೇನ್ ಎಂಬ ಹಸಿರುಮನೆ ಅನಿಲ ತೇಗಲೇಬೇಕು. ಕುರಿ ಬಿಟ್ಟು ಪನೀರ್ ತಿಂದರೆ ಹೊರೆ ಇಳಿಯುತ್ತದೆ, ನಿಜ. ಕೋಳಿ ಬಿಟ್ಟು ಪನೀರ್ ತಿಂದರೆ ಏರುತ್ತದೆ!

ಹಿಂಸೆಯ ಪ್ರಶ್ನೆಯೂ ಹಾಲಿನ ಹತ್ತಿರ ಬಂದು ತೊಡಕಾಗುತ್ತದೆ. ಊರಿನಲ್ಲಿ ಚಿಕ್ಕಮ್ಮ ಮಿಶ್ರತಳಿ ಹಸು ಸಾಕಿ ಡೇರಿಗೆ ಹಾಲು ಹಾಕುತ್ತಾರೆ. ಅವರ ಕೊಟ್ಟಿಗೆಯಲ್ಲಿ ಹೆಣ್ಣು ಕರುವಿಗೆ ಗೌರಿ ಎಂಬ ಹೆಸರಿತ್ತು, ಕೊರಳಿಗೆ ಗಂಟೆಯೂ ಇತ್ತು. ಪಕ್ಕದ ಗಂಡು ಕರುವಿಗೆ ಎರಡೂ ಇರಲಿಲ್ಲ. ಕೇಳಿದ್ದಕ್ಕೆ, ‘ಉಳಿಯುವುದಕ್ಕೆ ಅಲ್ಲವೇನಪ್ಪ ಹೆಸರು’ ಎಂದರು. ಕರು ಹಾಕದೆ ಹಸು ಹಾಲು ಕೊಡುವುದಿಲ್ಲ, ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ ಹಸು, ಎತ್ತು, ಕರುಗಳ ವಧೆಗೆ ಅವಕಾಶವಿಲ್ಲ. 13 ವರ್ಷ ದಾಟಿದ ಎಮ್ಮೆ-ಕೋಣಗಳಿಗೆ ವಿನಾಯಿತಿ ಇದೆ. ಕಾನೂನು ಕರುವಿನ ಜೀವ ಉಳಿಸಿತು ಎಂದೇ ಇಟ್ಟುಕೊಳ್ಳೋಣ. ಮೇವಿನ ಖರ್ಚು ಮಾತ್ರ ಚಿಕ್ಕಮ್ಮನ ತಲೆಗೇ ಬಿತ್ತು. ಹಾಲು ಕುಡಿಯುವ ಸಸ್ಯಾಹಾರಿ ಕಟುಕನ ಕಡೆ ಬೆರಳು ತೋರಿಸುವುದನ್ನು ಕಂಡಾಗ ನನಗೆ ನೆನಪಾಗುವುದು ಆ ಹೆಸರಿಲ್ಲದ ಕರು.

ಹೀಗಾಗಿ ನಾನು ಕಾಳಿನ ಕಡೆ ತಿರುಗಿದೆ. ನನಗೆ ನಿಜಕ್ಕೂ ಬೇಕಾಗಿದ್ದದ್ದು ಮಾಂಸಕ್ಕಿಂತ ಅದರ ಮಸಾಲೆ ಎಂಬುದು ಆಗ ತಿಳಿಯಿತು: ಹುರಿದ ಈರುಳ್ಳಿ, ಚಕ್ಕೆ, ಲವಂಗ, ಗಸಗಸೆ, ಕೊತ್ತಂಬರಿ, ತೆಂಗಿನಕಾಯಿ. ಅಮ್ಮ ಮಟನ್‌ಗೆ ರುಬ್ಬುವ ಅದೇ ಮಸಾಲೆಯನ್ನು ಹಿತಕಿದ ಬೇಳೆಗೆ ಹಾಕಿದೆ. ಚಳಿಗಾಲದಲ್ಲಿ ವಿ.ವಿ. ಪುರಂ ಕಡೆಯಿಂದ ಸೊಗಡಿನ ಅವರೆಕಾಯಿ ತರುತ್ತೇನೆ. ಮಾಗಡಿಯದು ಎಂದರೆ ಎರಡು ಮಾತಿಲ್ಲ, ಕೈಗೆ ಎಣ್ಣೆಯ ಜಿಗುಟು ಹತ್ತಬೇಕು, ಆ ವಾಸನೆ ಸೋಪು ಹಾಕಿದರೂ ಹೋಗಬಾರದು. ಬಿಡಿಸಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಮೊದಮೊದಲು ಅರ್ಧ ಬೇಳೆ ಸೋಫಾದ ಕೆಳಗೆ ಸೇರುತ್ತಿತ್ತು. ಬೇಳೆ ಬೇಗ ಬೇಯುತ್ತದೆ; ಮಸಾಲೆಯನ್ನು ಮೊದಲು ಚೆನ್ನಾಗಿ ಕುದಿಸಿ, ಬೇಳೆಯನ್ನು ಆಮೇಲೆ ಹಾಕಬೇಕು, ಇಲ್ಲದಿದ್ದರೆ ಕರಗಿ ಹೋಗುತ್ತದೆ.

ಅವರೆ ಮುಗಿದ ಮೇಲೆ ಹುರುಳಿ. ಒಣಕಾಳಿನಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಬೆಲೆ ಪನೀರಿಗಿಂತ ಎಷ್ಟೋ ಕಡಿಮೆ. ಮೊಳಕೆ ಕಟ್ಟಿ ಬಸ್ಸಾರು ಮಾಡಿದರೆ ಎರಡು ಹೊತ್ತಿಗೆ ಆಗುತ್ತದೆ. ಹೊಸತೊಡಕಿನ ಹೊತ್ತಿಗೆ ಎಳೆ ಹಲಸಿನಕಾಯಿ ಸಿಗುತ್ತದೆ, ಅದಕ್ಕೂ ಅದೇ ಮಸಾಲೆ.

ಜೊತೆಗೆ ಅನ್ನ ಕಡಿಮೆ ಮಾಡಿ ಮುದ್ದೆ ಹೆಚ್ಚಿಸಿದೆ. ನೀರು ನಿಲ್ಲಿಸಿದ ಭತ್ತದ ಗದ್ದೆಯಿಂದಲೂ ಮೀಥೇನ್ ಏಳುತ್ತದೆ ಎಂಬುದನ್ನು ಸಸ್ಯಾಹಾರಿಗಳು ಅಷ್ಟಾಗಿ ಮಾತನಾಡುವುದಿಲ್ಲ. ರಾಗಿ ಹೆಚ್ಚಾಗಿ ಮಳೆ ನೀರಲ್ಲೇ ಬೆಳೆಯುವ ಪೈರು. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ಅವರೆ, ತೊಗರಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಅಷ್ಟರಮಟ್ಟಿಗೆ ಯೂರಿಯಾ ಉಳಿಯುತ್ತದೆ. ಮುದ್ದೆ-ಅವರೆ ಸಾರಿನ ಜೋಡಿ ತಟ್ಟೆಗಿಂತ ಮೊದಲು ಹೊಲದಲ್ಲೇ ಕೂಡಿತ್ತು.

ದೇಹದ ವಿಷಯ ಚುಟುಕಾಗಿ: ಬಿ12 ಜೀವಸತ್ವ ಕಾಳುಬೇಳೆಯಲ್ಲಿ ಇಲ್ಲ. ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿಕೊಂಡು, ಅವರು ಹೇಳಿದಂತೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆರಸ ಹಿಂಡಿಕೊಳ್ಳುತ್ತೇನೆ, ಊಟದ ಬೆನ್ನಿಗೇ ಕಾಫಿ ಕುಡಿಯುವುದಿಲ್ಲ. ಕಾಫಿಯನ್ನೇ ಬಿಟ್ಟಿಲ್ಲ, ಅದರೊಳಗಿನ ಹಾಲನ್ನೂ ಬಿಟ್ಟಿಲ್ಲ. ಮೊಟ್ಟೆಯೂ ಉಳಿದಿದೆ. ಶಾಲೆಯ ಮಕ್ಕಳ ತಟ್ಟೆಗೆ ಮೊಟ್ಟೆ ಬೇಡ ಎನ್ನುವವರ ಸಾಲಿನಲ್ಲಿ ನನ್ನನ್ನು ದಯವಿಟ್ಟು ನಿಲ್ಲಿಸಬೇಡಿ.

ಆ ಸಾಲಿನ ಪರಿಚಯ ಬಾಡಿಗೆ ಮನೆ ಹುಡುಕುವಾಗ ಚೆನ್ನಾಗಿಯೇ ಆಯಿತು. ಬಸವನಗುಡಿ ಕಡೆ ಮನೆ ತೋರಿಸಿದ ದಲ್ಲಾಳಿಯ ಮೊದಲ ಪ್ರಶ್ನೆ ‘ನೀವು ವೆಜ್ಜಾ?’ ಎಂಬುದು. ಅವರು ವಿಚಾರಿಸುತ್ತಿದ್ದದ್ದು ಮೀಥೇನ್ ಅಲ್ಲ, ಜಾತಿ. ಹೌದು ಎಂದಿದ್ದರೆ ಸುಳ್ಳೇನೂ ಆಗುತ್ತಿರಲಿಲ್ಲ. ‘ನಾನು ತಿನ್ನುವುದಿಲ್ಲ, ಆದರೆ ಅಮ್ಮ ಬಂದಾಗ ಮನೆಯಲ್ಲಿ ಮಟನ್ ಬೇಯುತ್ತದೆ’ ಎಂದೆ. ಆ ಮನೆ ಸಿಗಲಿಲ್ಲ. ಬಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟು ಬೇರೆ ಕಡೆ ಹಿಡಿದೆ; ಅಲ್ಲಿನ ಮಾಲೀಕರು ಮುಂಗಡ ಎಣಿಸಿಕೊಂಡರೇ ಹೊರತು ಒಲೆಯ ಮೇಲೆ ಏನಿದೆ ಎಂದು ಕೇಳಲಿಲ್ಲ.